ಕಟ್ಟೆಯ ಮೇಲೆ ತುಪಾಕಿ, ಕೈಯಲ್ಲಿ ಮೊಬೈಲು

ಹವ್ಯಾಸಿಗಳ ಹರಟೆ ಒಂದು ಕಡೆ, ಕಾನೂನು ಇನ್ನೊಂದು ಕಡೆ. ನಡುವೆ ಗಡಿನಾಡಿನ ರೈತ

ಆದೋನಿ: ಹತ್ತಿ ದರ ಎಷ್ಟಾತು, ಮಳಿ ಯಾವಾಗ ಬರ್ತೈತಿ, ಮಗಳಿಗೆ ಗಂಡು ಸಿರುಗುಪ್ಪ ಕಡೆ ನೋಡೋದೋ ರಾಯಚೂರು ಕಡೆಯೋ? ಈ ಮೂರು ವಿಷಯ ಮುಗಿದ ಮೇಲೆ ಗಡಿ ಭಾಗದ ಊರಕಟ್ಟೆಯ ಮಾತು ಎಲ್ಲಿಗೆ ಹೊರಳುತ್ತದೆ ಎಂದು ಹೇಳಲಾಗದು. ಹೊಸ ಮೊಬೈಲು, ಹಳೆ ರೇಡಿಯೋ, ಪೊಲೀಸರ ಡ್ರೋನ್, ಕೊನೆಗೆ ಬಂದೂಕು. ಎಲ್ಲದರ ಮೇಲೂ ಒಂದು ಅಭಿಪ್ರಾಯ ಸಿದ್ಧವಾಗಿರುತ್ತದೆ.

ಪ್ರತಿ ಊರಿನಲ್ಲೂ ಇಂಥ ಒಬ್ಬ ಹವ್ಯಾಸಿ ಇದ್ದೇ ಇರುತ್ತಾನೆ. ಕೆಟ್ಟ ರೇಡಿಯೋ ಕಂಡರೆ ಬಿಚ್ಚಬೇಕು. ಯಾವ ಬ್ಯಾಟರಿ ಎಷ್ಟು ದೂರ ಬೆಳಕು ಚೆಲ್ಲುತ್ತದೆ ಎಂದು ಅಳೆಯಬೇಕು. ನಾಡಬಂದೂಕಿಗೂ ರೈಫಲ್ಲಿಗೂ ಏನು ವ್ಯತ್ಯಾಸ ಎಂದು ವಿವರಿಸಬೇಕು. ಕಲಿತದ್ದು ಕಡಿಮೆ ಇದ್ದರೂ ಕೈಗುಣ ದೊಡ್ಡದು. ಊರಿನ ಹುಡುಗರಿಗೆ ಅವನೇ ವಿಜ್ಞಾನ ಮೇಷ್ಟ್ರು. ಹೀಗಾಗಿ ಅವನ ಮಾತಿಗೆ ತೂಕವೂ ಹೆಚ್ಚು, ಅಪಾಯವೂ ಹೆಚ್ಚು. ಹರಟೆಯಲ್ಲಿ ಹೇಳಿದ್ದನ್ನು ಯಾರೋ ಒಬ್ಬ ಹೊಲದಲ್ಲಿ ಮಾಡಿ ನೋಡಿದರೆ? ಅಲ್ಲಿಂದ ಆಚೆಗೆ ಅದು ಹರಟೆಯಲ್ಲ.

ಎರಡೂ ಭಾಷೆಗೆ ಒಂದೇ ತುಪಾಕಿ

ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಇವು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಸೇರಿತು. ಗಡಿ ಗೆರೆ ಬಿದ್ದರೂ ಬೀಗತನ ನಿಲ್ಲಲಿಲ್ಲ. ಹೊಳಗುಂದ, ಹಾಲಹರ್ವಿ, ಕೌತಾಳಂ, ಕೋಸಗಿ ಸೀಮೆಯ ಮನೆಗಳಲ್ಲಿ ಈಗಲೂ ಕನ್ನಡ, ಸಂತೆಯಲ್ಲಿ ತೆಲುಗು. ಎರಡಕ್ಕೂ ಸಲ್ಲುವ ಮಾತುಗಳು ಬೇಕಾದಷ್ಟಿವೆ. ತುಪಾಕಿ ಅಂಥದ್ದೊಂದು. ತುರ್ಕರ ನಾಡಿನಿಂದ ಸೈನಿಕರ ಜೊತೆ ನಡೆದು ಬಂದ ಈ ಪದ ತೆಲುಗಿನಲ್ಲೂ ಕನ್ನಡದಲ್ಲೂ ಹಾಗೇ ಉಳಿದಿದೆ.

ಪದ ಬಂದದ್ದು ಬರಿಗೈಯಲ್ಲಲ್ಲ. ಆದೋನಿಯ ಬೆಟ್ಟದ ಮೇಲಿನ ಕೋಟೆ ಸಿಡಿಮದ್ದಿನ ರುಚಿಯನ್ನು ಚೆನ್ನಾಗಿಯೇ ಕಂಡಿದೆ. 17ನೇ ಶತಮಾನದ ಕೊನೆಯಲ್ಲಿ ಔರಂಗಜೇಬನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ಇಲ್ಲಿ ಆಡಳಿತ ನಡೆಸುತ್ತಿದ್ದವನು ಬಿಜಾಪುರದ ಕಡೆಯ ಸಿದ್ದಿ ಮಸೂದ್ ಖಾನ್. ಊರಿನ ಜಾಮಿಯಾ ಮಸೀದಿ ಕಟ್ಟಿಸಿದವನೂ ಅವನೇ. ಕೋಟೆ ಬಗ್ಗದಿದ್ದಾಗ ಮೊಗಲರ ಸೇನಾಪತಿ ಫಿರಂಗಿಗಳನ್ನು ಮಸೀದಿಯತ್ತ ತಿರುಗಿಸಿದನಂತೆ. ತಾನು ಪ್ರೀತಿಯಿಂದ ಕಟ್ಟಿಸಿದ ಮಸೀದಿ ಪುಡಿಯಾಗುವುದನ್ನು ನೋಡಲಾರದೆ ಮಸೂದ್ ಖಾನ್ ಕೋಟೆ ಒಪ್ಪಿಸಿದ ಎಂಬುದು ಈ ಭಾಗದ ಐತಿಹ್ಯ. ಗುಂಡು ಹಾರದೆ ಗೆಲುವು! ಮಸೀದಿ ಇಂದಿಗೂ ನಿಂತಿದೆ.

ಮುಂದೆ 1786ರಲ್ಲಿ ಟಿಪ್ಪು ಸುಲ್ತಾನ್ ಒಂದು ತಿಂಗಳ ಮುತ್ತಿಗೆಯ ಬಳಿಕ ಆದೋನಿಯನ್ನು ಹಿಡಿದ. ಕೋಟೆಯ ರಕ್ಷಣೆಯನ್ನು ಕೆಡವಿಸಿ, ಫಿರಂಗಿಗಳನ್ನು ಗುತ್ತಿಗೆ ಸಾಗಿಸಿದ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂದು ಹೆಸರಾದ ಈ ಪ್ರದೇಶಕ್ಕೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಎದುರಿಗೆ ನಿಂತವರು ಎಂಬತ್ತರಷ್ಟು ಪಾಳೆಯಗಾರರು. ಅವರ ಆಳುಗಳ ಕೈಯಿಂದ ಆಯುಧ ಬಿಡಿಸಿ, ಜಮೀನು ಅಳೆಸಿ, ರೈತನ ಹೆಸರಿಗೇ ಕಂದಾಯ ಬರೆಸುವ ಪದ್ಧತಿ ತಂದದ್ದು ಮನ್ರೋ. ಮದರಾಸಿನ ಗವರ್ನರ್ ಆದ ಮೇಲೆ 1827ರ ಜುಲೈ 6ರಂದು ಅವರು ಕಾಲರಾದಿಂದ ತೀರಿಕೊಂಡದ್ದೂ ಇದೇ ಸೀಮೆಯ ಪತ್ತಿಕೊಂಡದಲ್ಲಿ.

ಅಂದರೆ ಮನೆಯಲ್ಲಿ ಆಯುಧ ಇರಬೇಕೋ ಬೇಡವೋ ಎಂಬ ಜಗಳ ಈ ಮಣ್ಣಿಗೆ ಹೊಸದಲ್ಲ. ಇನ್ನೂರು ವರ್ಷ ದಾಟಿದೆ.

ಅಟ್ಟದ ಮೇಲಿನ ತಾತನ ಬಂದೂಕು

ಕಟ್ಟೆಯ ಮೇಲೆ ಮೊದಲು ಕೇಳಿಬರುವ ವಾದ ಇದು: ಮನಿಯಾಗ ಒಂದು ಬಂದೂಕು ಇದ್ರ ಧೈರ್ಯ. ಲೈಸೆನ್ಸ್ ಅಂದ್ರ ಏನು ಮಹಾ, ಒಂದು ಅರ್ಜಿ ಕೊಟ್ರಾತು.

ಅಷ್ಟು ಸಲೀಸಲ್ಲ. 1878ರ ಬ್ರಿಟಿಷರ ಕಾಯ್ದೆಯನ್ನು ತೆಗೆದು ಬಂದದ್ದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ ಪ್ರಕಾರ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ, ಅನುಮತಿ. ಪೊಲೀಸ್ ವರದಿ ಬಂದ ಮೇಲೆಯೇ ಲೈಸೆನ್ಸಿನ ತೀರ್ಮಾನ. ರೈತನನ್ನು ಕಾಯ್ದೆ ಮರೆತಿಲ್ಲ ಎಂಬುದೂ ನಿಜ. ಬೆಳೆ ಕಾವಲಿಗೆಂದು ಮೂತಿಯಿಂದ ಮದ್ದು ತುಂಬುವ ನಾಡಬಂದೂಕಿಗೆ ಲೈಸೆನ್ಸ್ ಕೊಡಲು ಅದರಲ್ಲಿ ಅವಕಾಶ ಇದೆ. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಆದರೆ ನಳಿಗೆ 20 ಇಂಚಿಗೆ ಕಡಿಮೆ ಇಲ್ಲದ, ಒಳಗೆ ನುಣುಪಾದ ಬಂದೂಕು.

2019ರಲ್ಲಿ ಕಾಯ್ದೆ ಇನ್ನಷ್ಟು ಬಿಗಿಯಾಯಿತು. ಮೊದಲು ಒಬ್ಬರಿಗೆ ಮೂರು ಬಂದೂಕು ಇದ್ದದ್ದು ಎರಡಕ್ಕೆ ಇಳಿಯಿತು. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಕುತ್ತು ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸಿದಾರರ ಹೆಸರು ಈಗ ದೇಶಕ್ಕೆಲ್ಲ ಒಂದೇ ಕಂಪ್ಯೂಟರ್ ಪಟ್ಟಿಯಲ್ಲಿದೆ. ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ.

ಗಡಿ ಕುಟುಂಬಗಳಿಗೆ ತಿಳಿದಿರಬೇಕಾದ ಮಾತು ಬೇರೆಯೇ ಇದೆ. ಲೈಸೆನ್ಸ್ ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದು ಪುಸ್ತಕದಲ್ಲಿಯೇ ಬರೆದಿರುತ್ತದೆ. ಆಂಧ್ರಕ್ಕೆ ಮಾತ್ರ ಎಂದಿದ್ದರೆ ಹಳ್ಳದ ಆಚೆಯ ಹೊಲ ಬೇರೆ ರಾಜ್ಯ. ಬಳ್ಳಾರಿ ಬೀಗರ ತೋಟದ ಕಾವಲಿಗೆ ಎಂದು ಹೊತ್ತೊಯ್ದರೆ ಅದು ಅಪರಾಧವೇ. ಎತ್ತಿಗೆ ಗಡಿ ಗೊತ್ತಿಲ್ಲ, ನಿಜ. ಬಂದೂಕಿಗೆ ಗೊತ್ತಿರಬೇಕು.

ಇನ್ನೊಂದು ಸಂಗತಿ ಬಹಳ ಮನೆಗಳಿಗೆ ಸೇರಿದ್ದು. ಲೈಸೆನ್ಸ್ ಇದ್ದ ತಾತ ತೀರಿಕೊಳ್ಳುತ್ತಾರೆ. ಬಂದೂಕು ಅಟ್ಟದ ಮೇಲೆ ಉಳಿಯುತ್ತದೆ. ಹಿರಿಯರ ನೆನಪು, ಇರಲಿ ಬಿಡು ಎಂದು ಮಕ್ಕಳು ಸುಮ್ಮನಾಗುತ್ತಾರೆ. ಲೈಸೆನ್ಸ್ ತಾತನ ಹೆಸರಿನಲ್ಲಿತ್ತು, ಮನೆಯ ಹೆಸರಿನಲ್ಲಲ್ಲ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ವಾರಸುದಾರರಿಗೆ ಬೇಕಿದ್ದರೆ ತಮ್ಮ ಹೆಸರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಿಕೊಳ್ಳಲು ದಾರಿ ಇದೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡು ಸಿಕ್ಕಿಬಿದ್ದರೆ ಜೈಲು ಎರಡರಿಂದ ಐದು ವರ್ಷ. ತಾತನ ನೆನಪಿಗೆ ಗೋಡೆಯ ಮೇಲೊಂದು ಫೋಟೋ ಸಾಕಲ್ಲವೇ?

ಜಿಂಕೆ ಮುಂದೆ ಬಂದೂಕು ಮೂಕ

ಹೊಲಕ್ಕ ಜಿಂಕಿ ಬಿದ್ದಾವ, ಎರಡು ಗುಂಡು ಹಾರಿಸಿದ್ರ ಮತ್ತ ಈ ಕಡೆ ತಿರುಗಿ ನೋಡಂಗಿಲ್ಲ. ಇದು ಕಟ್ಟೆಯ ಎರಡನೇ ವಾದ. ರೈತನ ಸಂಕಟ ನೋಡಿದರೆ ಇದು ಬರೀ ಬಾಯಿ ಚಪಲವಲ್ಲ. ಕೃಷ್ಣಮೃಗಗಳು ಬಯಲು ಸೀಮೆಯ ಪ್ರಾಣಿ. ಕಾಡು ಬೇಡ, ತೆರೆದ ಹೊಲವೇ ಅವಕ್ಕೆ ಮೇವಿನ ಮನೆ. ಹಿಂಡು ಹಿಂಡಾಗಿ ಬರುತ್ತವೆ. ಶೇಂಗಾ, ಕಡಲೆ, ಜೋಳದ ಎಳೆ ಚಿಗುರನ್ನು ತಿನ್ನುತ್ತವೆ, ತಿಂದದ್ದಕ್ಕಿಂತ ಹೆಚ್ಚು ತುಳಿಯುತ್ತವೆ. ಸಾಲ ತಂದು ಬಿತ್ತಿದ ಬೀಜ ಮೊಳಕೆಯಲ್ಲೇ ಹೋದರೆ ಆ ವರ್ಷದ ಗತಿಯೇನು? ಓಡಿಸಲು ಹೋದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಜಿಗಿದು ಮಾಯವಾಗುತ್ತವೆ. ಓಡಿಸಿದವನು ಮನೆ ಮುಟ್ಟುವಷ್ಟರಲ್ಲಿ ಮತ್ತೆ ಹಾಜರು.

ಆದರೆ ಇಲ್ಲಿ ಬಂದೂಕು ಮೂಕ. ಕೃಷ್ಣಮೃಗ ಆಂಧ್ರಪ್ರದೇಶದ ರಾಜ್ಯ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಕೊಂದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲದಂತೆ ಏಳು ವರ್ಷದವರೆಗೆ ಸೆರೆವಾಸ. 2022ರ ತಿದ್ದುಪಡಿಯ ಬಳಿಕ ದಂಡವೂ 25 ಸಾವಿರ ರೂಪಾಯಿಗೆ ಕಡಿಮೆ ಇರುವಂತಿಲ್ಲ. ಬೆಳೆ ಕಾವಲಿನ ಲೈಸೆನ್ಸ್ ಕೈಯಲ್ಲಿದ್ದರೂ ಜಿಂಕೆಗೆ ಗುರಿ ಇಡುವ ಹಕ್ಕು ಅದು ಕೊಡುವುದಿಲ್ಲ. ಕರ್ನಾಟಕದಲ್ಲಿಯೂ ಇದೇ ಕಾನೂನು. ಅಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆಂದೇ ಅಭಯಾರಣ್ಯ ಇದೆ.

ಹಾಗಾದರೆ ರೈತ ಏನು ಮಾಡಬೇಕು? ಹಳೆ ಸೀರೆ ಕಟ್ಟುವುದು, ತಗಡಿನ ಡಬ್ಬ ಬಡಿಯುವುದು, ರಾತ್ರಿಯಿಡೀ ಬ್ಯಾಟರಿ ಬಿಡುವುದು ಎಲ್ಲ ಕಡೆ ನಡೆದಿದೆ. ಬೆದರುಬೊಂಬೆಗೂ ಸದ್ದಿಗೂ ಜಿಂಕೆಗಳು ಕೆಲವೇ ದಿನದಲ್ಲಿ ಹೊಂದಿಕೊಂಡುಬಿಡುತ್ತವೆ. ಒಂದೇ ಉಪಾಯಕ್ಕೆ ಜೋತು ಬೀಳದೆ ಬದಲಾಯಿಸುತ್ತಿರಬೇಕು, ಅಕ್ಕಪಕ್ಕದ ಹೊಲದವರು ಸರದಿ ಮೇಲೆ ಕಾಯಬೇಕು. ನಷ್ಟವಾದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದು, ದಿನಾಂಕ, ಸರ್ವೇ ನಂಬರ್ ಸಮೇತ ಅರಣ್ಯ ಹಾಗೂ ಕಂದಾಯ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟಿರಬೇಕು. ಕಾಗದದಲ್ಲಿ ಬಾರದ ನಷ್ಟ ಸರ್ಕಾರದ ಲೆಕ್ಕಕ್ಕೂ ಬಾರದು.

ತಂತಿಯಲ್ಲಿ ಕಾದಿರುವ ಸಾವು

ಬಂದೂಕು ಬೇಡವಾದರೆ ಕರೆಂಟು ಇದೆಯಲ್ಲ ಎನ್ನುವವರೂ ಇದ್ದಾರೆ. ಹವ್ಯಾಸಿಯ ಕೈಗುಣ ಅತ್ಯಂತ ಅಪಾಯಕ್ಕೆ ತಿರುಗುವುದು ಇಲ್ಲೇ. ಮೋಟಾರಿನ ಲೈನಿನಿಂದ ಒಂದು ವೈರ್ ಎಳೆದು ಹೊಲದ ಸುತ್ತಲಿನ ತಂತಿಗೆ ಕೊಟ್ಟರಾಯಿತು ಎಂಬ ಸಲಹೆ ಎಷ್ಟೋ ಜೀವ ತಿಂದಿದೆ.

ಸೋಲಾರ್ ಬೇಲಿಗೂ ಇದಕ್ಕೂ ಅಜಗಜಾಂತರ. ಸೋಲಾರ್ ಬೇಲಿಯ ಯಂತ್ರ ತಂತಿಗೆ ಕರೆಂಟನ್ನು ಸತತವಾಗಿ ಹರಿಸುವುದಿಲ್ಲ. ಸೆಕೆಂಡಿಗೆ ಹೆಚ್ಚುಕಡಿಮೆ ಒಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಒಂದು ಹೊಡೆತ ಕೊಡುತ್ತದೆ. ವೋಲ್ಟೇಜು ಸಾವಿರಗಳಲ್ಲಿ ಇದ್ದರೂ ಹೊಡೆತದಲ್ಲಿರುವ ಶಕ್ತಿ ಕಡಿಮೆ. ಮುಟ್ಟಿದ ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಮನೆಯ 230 ವೋಲ್ಟಿನ ಲೈನು ಹಾಗಲ್ಲ. ಅದು ಬಿಡುವಿಲ್ಲದೆ ಹರಿಯುತ್ತದೆ. ಮುಟ್ಟಿದ ಕೈಯ ಸ್ನಾಯು ಬಿಗಿದು ತಂತಿಯನ್ನೇ ಹಿಡಿದುಕೊಳ್ಳುತ್ತದೆ, ಬಿಡಿಸಿಕೊಳ್ಳಲಾಗದು. ಎದೆಯ ಬಡಿತ ತಪ್ಪುತ್ತದೆ. ಕತ್ತಲಲ್ಲಿ ಆ ತಂತಿಗೆ ಜಿಂಕೆಯೇ ಸಿಗಬೇಕೆಂದೇನೂ ಇಲ್ಲ. ನೀರು ಕಟ್ಟಲು ಬಂದ ಪಕ್ಕದ ಹೊಲದ ಅಣ್ಣ, ಹುಲ್ಲಿಗೆ ಬಂದ ಅಕ್ಕ, ಕೊನೆಗೆ ತಂತಿ ಎಳೆದವನ ಮಗನೇ ಸಿಗಬಹುದು.

ಹೀಗೆ ಲೈನಿನಿಂದ ಕರೆಂಟು ಎಳೆಯುವುದು 2003ರ ವಿದ್ಯುತ್ ಕಾಯ್ದೆಯಂತೆ ಕಳ್ಳತನ. ಯಾರಾದರೂ ಸತ್ತರೆ ಪ್ರಕರಣ ಅಲ್ಲಿಗೆ ನಿಲ್ಲುವುದಿಲ್ಲ. ಇಂಥ ತಂತಿ ಕಂಡವರು ಮುಟ್ಟಲು ಹೋಗದೆ 1912ಕ್ಕೆ ಫೋನ್ ಮಾಡುವುದು ಲೇಸು. ಹಂದಿಗೆಂದು ಸಿಡಿಮದ್ದಿನ ಉಂಡೆ ಇಡುವ ಹಳೆ ಚಾಳಿಯೂ ಇಷ್ಟೇ ಕೆಟ್ಟದ್ದು. ಅದನ್ನು ಹಂದಿ ತಿನ್ನುತ್ತದೆ ಎಂಬ ಖಾತರಿ ಯಾರು ಕೊಟ್ಟರು? ಎಮ್ಮೆಯೂ ತಿನ್ನಬಹುದು, ಮಗು ಚೆಂಡೆಂದು ಎತ್ತಿಕೊಳ್ಳಲೂಬಹುದು.

ಗುರಿ ಇರಲಿ, ಹಕ್ಕಿಯ ಮೇಲಲ್ಲ

ಏರ್‌ಗನ್‌ಗೆ ಲೈಸೆನ್ಸ್ ಬೇಡ, ಆಟದ ಸಾಮಾನು ಎನ್ನುವುದು ಹುಡುಗರ ವಾದ. ಅರ್ಧ ಸತ್ಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಅಂದರೆ 4.5 ಮಿಲಿಮೀಟರ್ ಗುಂಡಿನ, 20 ಜೂಲ್ ಮೀರದ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಅದಕ್ಕೂ ಮೇಲಿನದಕ್ಕೆ ಬೇಕು. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಹತ್ತಿರದಿಂದ ಹಾರಿದ ಸೀಸದ ಗುಳಿಗೆ ಕಣ್ಣು ಕಳೆಯುತ್ತದೆ. ಪಾರಿವಾಳ, ಗಿಳಿ, ಕೌಜುಗದ ಮೇಲೆ ಹಾರಿಸಿದರೆ ವನ್ಯಜೀವಿ ಕಾಯ್ದೆ ಎದುರಿಗೆ ಬರುತ್ತದೆ.

ಇದೇ ಹವ್ಯಾಸಕ್ಕೆ ಇನ್ನೊಂದು ದಾರಿಯೂ ಇದೆ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಬಳಸುವುದು ಇದೇ 4.5 ಮಿಲಿಮೀಟರ್ ಗುಳಿಗೆ. ಗುರಿಹಲಗೆಯ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ, ಸೂಜಿಯಿಂದ ಚುಚ್ಚಿದಷ್ಟು. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಹೈದರಾಬಾದಿನ ಗಗನ್ ನಾರಂಗ್ ಕಂಚು ತಂದದ್ದು ಇದೇ ಸ್ಪರ್ಧೆಯಲ್ಲಿ. 2024ರ ಪ್ಯಾರಿಸ್‌ನಲ್ಲಿ ಏರ್ ಪಿಸ್ತೂಲ್ ಹಿಡಿದ ಮನು ಭಾಕರ್ ಎರಡು ಕಂಚು ಗೆದ್ದರು. ಉಸಿರು ಹಿಡಿಯುವುದು, ಕೈ ನಡುಗದಂತೆ ನಿಲ್ಲುವುದು, ದಿನವೂ ಅದನ್ನೇ ನೂರು ಸಲ ಮಾಡುವುದು, ಇದು ತಾಳ್ಮೆಯ ಆಟ. ಹಕ್ಕಿ ಹೊಡೆಯುವವನಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು?

ದೇವರಗಟ್ಟಿನ ಬಡಿಗೆ, ಮೇಲೆ ಡ್ರೋನ್

ಆಯುಧ ಎಂದರೆ ಬಂದೂಕೇ ಆಗಬೇಕಿಲ್ಲ ಎಂಬುದನ್ನು ಹೊಳಗುಂದ ಮಂಡಲದ ದೇವರಗಟ್ಟು ವರ್ಷಕ್ಕೊಮ್ಮೆ ನೆನಪಿಸುತ್ತದೆ. ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ. ನೆರಣಿಕಿ ಮತ್ತು ಸುತ್ತಲಿನ ಊರಿನವರು ದೇವರ ಮೂರ್ತಿಗಾಗಿ ಎರಡು ಕಡೆಯಾಗಿ ನಿಂತು ಬಡಿಗೆ ಬೀಸುತ್ತಾರೆ. ದೀವಟಿಗೆಯ ಬೆಳಕಿನಲ್ಲಿ ಬೆಟ್ಟವೇ ಹೊತ್ತಿದಂತೆ ಕಾಣುತ್ತದೆ. ದೇವರು ಮಣಿ, ಮಲ್ಲಾಸುರರನ್ನು ಕೊಂದ ನೆನಪಿಗೆ ಈ ಆಚರಣೆ. ಹೂವಿನಹಡಗಲಿ ಬಳಿಯ ಮೈಲಾರಕ್ಕೆ ನಡೆದುಕೊಳ್ಳುವ ಮನೆಗಳಿಗೆ ಈ ಕಥೆ ಗೊತ್ತಿದ್ದದ್ದೇ. ಅಲ್ಲಿ ಕಾರಣಿಕ ಇರುವಂತೆ ಇಲ್ಲಿಯೂ ಬೆಳಗಿನ ಜಾವ ಮಳೆ ಬೆಳೆಯ ಭವಿಷ್ಯ ನುಡಿಯುವುದುಂಟು. ಕರ್ನಾಟಕದಿಂದಲೂ ಸಾವಿರಾರು ಜನ ಬರುತ್ತಾರೆ.

ಪ್ರತಿ ವರ್ಷ ತಲೆ ಒಡೆಯುತ್ತದೆ. 2023ರ ಉತ್ಸವದಲ್ಲಿ ಜೀವಹಾನಿಯೂ ಆಯಿತು. ಬಡಿಗೆಗೆ ಕಬ್ಬಿಣದ ಉಂಗುರ ತೊಡಿಸಬೇಡಿ, ಕುಡಿದು ಬರಬೇಡಿ ಎಂದು ಪೊಲೀಸರು ಊರೂರಿಗೆ ಹೋಗಿ ಹೇಳುತ್ತಾರೆ. ಸಿಸಿ ಕ್ಯಾಮೆರಾ, ಡ್ರೋನ್, ಸ್ಥಳದಲ್ಲೇ ವೈದ್ಯರ ಶಿಬಿರ ಎಲ್ಲವೂ ಬಂದಿವೆ. ಡ್ರೋನ್ ಯಾರು ಹೊಡೆದರೆಂದು ತೋರಿಸಬಲ್ಲದು, ಬೀಸಿದ ಬಡಿಗೆಯನ್ನು ತಡೆಯಲಾರದು. ತಡೆಯುವ ಕೈ ಊರಿನವರದ್ದೇ ಆಗಬೇಕು. ಭಕ್ತಿ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಉಂಗುರ ಬಿಚ್ಚಿದರೆ ದೇವರು ಮುನಿಯುತ್ತಾನೆಯೇ?

ಫಾರ್ವರ್ಡ್ ಎಂಬ ಗುಂಡು

ಒಂದು ಕಾಲಕ್ಕೆ ರೇಡಿಯೋ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಬೇಕಿತ್ತು. ಆ ರೇಡಿಯೋ ಗಡಿನಾಡ ಮನೆಗಳಿಗೆ ಧಾರವಾಡದ, ಕಲಬುರಗಿಯ ಕನ್ನಡ ತಂದುಕೊಟ್ಟಿತು. ತೆಲುಗು ರಾಜ್ಯದಲ್ಲಿ ಬೆಳೆದ ಮಕ್ಕಳ ಕಿವಿಗೆ ಅಚ್ಚ ಕನ್ನಡ ಬಿದ್ದದ್ದು ಎಷ್ಟೋ ಕಡೆ ಅದರಿಂದಲೇ. ಈಗ ಅದಕ್ಕಿಂತ ಸಾವಿರ ಪಾಲು ಬಲದ ಸಾಧನ ಹತ್ತನೇ ತರಗತಿ ಹುಡುಗನ ಜೇಬಿನಲ್ಲಿದೆ. ಲೈಸೆನ್ಸ್ ಇಲ್ಲ, ಕೇಳುವವರೂ ಇಲ್ಲ.

ಇದರ ಬೆಲೆ 2018ರಲ್ಲಿ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳಲ್ಲಿ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ಒಬ್ಬನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಇನ್ನೊಂದು ಗಡಿ ಜಿಲ್ಲೆ ಬೀದರಿನ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಇದೇ ಅನುಮಾನಕ್ಕೆ ಬಲಿಯಾದ. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಕಳಿಸುವಂತೆ ವಾಟ್ಸ್‌ಆ್ಯಪ್ ಮಿತಿ ಹಾಕಿತು. ಆ ಎರಡು ಊರುಗಳಲ್ಲಿ ಬಂದೂಕಿನ ಅಗತ್ಯವೇ ಬೀಳಲಿಲ್ಲ. ಬೆರಳು ಸಾಕಾಯಿತು.

ಗಡಿನಾಡಿನಲ್ಲಿ ಈ ಅಪಾಯ ಇನ್ನೂ ಒಂದು ಕೈ ಹೆಚ್ಚು. ಬಂದವನು ಬೇರೆ ಭಾಷೆ ಆಡಿದರೆ ಅನುಮಾನ ಬೇಗ ಹುಟ್ಟುತ್ತದೆ. ಎರಡು ಭಾಷೆ ಬಲ್ಲ ಆದೋನಿ, ಆಲೂರಿನ ಕನ್ನಡ ಮನೆಗಳು ಇಲ್ಲಿ ಬೇರೆಯವರಿಗಿಂತ ಹೆಚ್ಚಿನ ಉಪಕಾರ ಮಾಡಬಲ್ಲವು. ಯಪ್ಪಾ, ಯಾವೂರು ನಿಂದು ಎಂದು ಅವನ ಭಾಷೆಯಲ್ಲೇ ಒಂದು ಮಾತು ಕೇಳಿದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಉಳಿದ ಅರ್ಧಕ್ಕೆ 112 ಇದ್ದೇ ಇದೆ.

ಹಾಗೆಂದು ಕಟ್ಟೆಯ ಹರಟೆ ನಿಲ್ಲಬೇಕಿಲ್ಲ. ಬಿಚ್ಚಿ ನೋಡುವ, ಅಳೆದು ನೋಡುವ ಬುದ್ಧಿ ಊರಿಗೆ ಬೇಕು. ಸೋಲಾರ್ ಬೇಲಿ ಸರಿಯಾಗಿ ಕಟ್ಟಿಸಲು, ಬೆಳೆ ನಷ್ಟದ ಅರ್ಜಿಗೆ ಫೋಟೋ ಸೇರಿಸಿಕೊಡಲು, ಬಂದ ಸಂದೇಶ ಸುಳ್ಳೋ ನಿಜವೋ ಎಂದು ಹುಡುಕಿ ಹೇಳಲು ಊರಿನ ಹವ್ಯಾಸಿಗಿಂತ ಒಳ್ಳೆಯ ಆಳು ಯಾರು? ಸುಗ್ಗಿಗೆ ಮುಂಚೆ ಈ ಭಾಗದ ಮನೆಯವರು ಎರಡು ಕೆಲಸ ಮಾಡಿದರೆ ಸಾಕು. ಅಟ್ಟ ಹತ್ತಿ ಹಳೆ ಬಂದೂಕು ಇದೆಯೇ ಎಂದು ನೋಡಬೇಕು. ಹೊಲದ ಸುತ್ತ ಒಂದು ಸುತ್ತು ಬಂದು, ತಂತಿಗೆ ಎಲ್ಲಿಂದಲಾದರೂ ಕರೆಂಟು ಬಂದಿದೆಯೇ ಎಂದು ಹಗಲು ಹೊತ್ತಿನಲ್ಲಿ, ದೂರದಿಂದಲೇ ಪರೀಕ್ಷಿಸಬೇಕು. ಈ ವರ್ಷದ ಬೆಳೆ ಹೋದರೆ ಮುಂದಿನ ವರ್ಷ ಬಿತ್ತಬಹುದು.